ಕಡಿಮೆ ಬೆಲೆಯ, ಸಲೀಸಾಗಿ ಇಳಿಯುವ ಕೊನ್ಯಾಕ್: ಒಳ್ಳೆಯದೋ ಅಲ್ಲವೋ ಅಂತ ಹೇಳುವುದು ಹೇಗೆ?

ಸಂಜೆಗುಟುಕು
ಎಲ್ಲರಿಗೂ ನಮಸ್ಕಾರ. ಒಂದು ವಿ.ಎಸ್. ಕೊನ್ಯಾಕ್ ತೆರೆದಿದ್ದೇನೆ (ಕೊನ್ಯಾಕ್ ಅಂದರೆ ದ್ರಾಕ್ಷಿ ವೈನ್ ಭಟ್ಟಿ ಇಳಿಸಿ ಮಾಡುವ ಫ್ರೆಂಚ್ ಬ್ರಾಂದಿ, ವಿ.ಎಸ್. ಅದರ ಎಳೆಯ ದರ್ಜೆ). ದೊಡ್ಡ ಹೆಸರಿನದಲ್ಲ, ಅಂಗಡಿ ಕಪಾಟಿನಲ್ಲಿ ಇದ್ದದ್ದರಲ್ಲೇ ಕಡಿಮೆ ಬೆಲೆಯದು. ಮೂಗಿಗೆ ಪೇರ್ ಹಣ್ಣು, ವೆನಿಲ್ಲಾ, ಹಿಂದೆ ಸ್ವಲ್ಪ ಹೂವಿನ ಘಮ. ಬಾಯಲ್ಲಿ ಮೆದು, ಸಿಹಿ. ಗಂಟಲು ಉರಿಯುವುದಿಲ್ಲ. ನುಂಗಿದ ಮೇಲೆ ಮಾತ್ರ ರುಚಿ ಬೇಗ ಹೋಗಿಬಿಡುತ್ತದೆ.

ನನಗಂತೂ ಇಷ್ಟವಾಯಿತು. ಜೊತೆಗಿದ್ದವರು ಒಪ್ಪಲಿಲ್ಲ. ವಿ.ಎಸ್. ಇರುವುದೇ ಕೋಲಾಗೆ ಬೆರೆಸುವುದಕ್ಕೆ, ಹಾಗೇ ಕುಡಿಯುವುದಾದರೆ ಹಳೆಯ ದರ್ಜೆಯ ಎಕ್ಸ್.ಒ. ತಗೋ ಅಂದರು. ಇನ್ನೊಬ್ಬರು ಇನ್ನೂ ಮುಂದೆ ಹೋಗಿ, ಸಲೀಸಾಗಿ ಇಳಿಯುತ್ತಿದೆ ಅಂದರೆ ಸಕ್ಕರೆ ಹಾಕಿದ್ದಾರೆ ಅಂತಲೇ ಅರ್ಥ ಅಂದರು.

ಇದು ನಿಜವಾ? ಇಂಥ ಬಾಟಲಿಯನ್ನು ಹೇಗೆ ತೂಗಿ ನೋಡಬೇಕು? ತಿಳಿದವರು ಹೇಳಿ.

ನೇರನುಡಿ
ನಿಮಗೆ ಇಷ್ಟವಾಯಿತಲ್ಲ, ಮುಗಿಯಿತು. ಕುಡಿಯಿರಿ.

ತಾಮ್ರದಹಂಡೆ
ಅಷ್ಟಕ್ಕೇ ಮುಗಿಸಬೇಡಿ ನೇರನುಡಿಯವರೇ, ಪ್ರಶ್ನೆ ಒಳ್ಳೆಯದಿದೆ.

ಮೊದಲು ವಯಸ್ಸಿನ ಲೆಕ್ಕ. ವಿ.ಎಸ್. ಅಂದರೆ ಆ ಬ್ಲೆಂಡಿನಲ್ಲಿ, ಅಂದರೆ ಬೆರೆಸಿದ ಮಿಶ್ರಣದಲ್ಲಿ, ಇರುವ ಎಲ್ಲಕ್ಕಿಂತ ಎಳೆಯ ಸ್ಪಿರಿಟ್ ಕೂಡ ಓಕ್ ಪೀಪಾಯಿಯಲ್ಲಿ ಕನಿಷ್ಠ 2 ವರ್ಷ ಇದ್ದಿರಬೇಕು. ವಿ.ಎಸ್.ಒ.ಪಿ.ಗೆ 4 ವರ್ಷ. ಎಕ್ಸ್.ಒ.ಗೆ ಮುಂಚೆ 6 ಇತ್ತು, 2018ರಿಂದ 10 ವರ್ಷ. ಇವೆಲ್ಲ ಕನಿಷ್ಠ ಮಿತಿಗಳು. ಬ್ಲೆಂಡಿನಲ್ಲಿ ಅದಕ್ಕಿಂತ ಹಳೆಯದೂ ಇರಬಹುದು. ಹಾಗಾಗಿ ಎರಡು ಕಂಪನಿಗಳ ವಿ.ಎಸ್. ಒಂದೇ ವಯಸ್ಸಿನವು ಅಂದುಕೊಳ್ಳಬೇಡಿ.

ಎರಡನೆಯದು, ವಿ.ಎಸ್. ಅನ್ನು ಎಕ್ಸ್.ಒ. ಪಕ್ಕ ಇಟ್ಟು ಅಳೆಯುವುದು ಅನ್ಯಾಯ. ಎಳೆಯ ಕೊನ್ಯಾಕಿನಲ್ಲಿ ಹುಡುಕಬೇಕಾದ್ದು ಹಣ್ಣು ಮತ್ತು ಹೂವು. ಹಳೆಯದರಲ್ಲಿ ಸಿಗುವ ಒಣಹಣ್ಣು, ತೊಗಲು, ಅಣಬೆ, ಹಳೆ ವಾಲ್‌ನಟ್ ಎಣ್ಣೆಯಂಥ ವಾಸನೆ, ಅಂದರೆ ಅವರು 'ರಾನ್ಸಿಯೋ' ಅನ್ನುವುದು, ಅದು ಪೀಪಾಯಿಯಲ್ಲಿ ಬಹಳ ವರ್ಷ ಕಳೆದ ಮೇಲೆ ಬರುವಂಥದ್ದು. ವಿ.ಎಸ್.ನಲ್ಲಿ ಅದು ಇಲ್ಲ ಅಂತ ದೂರುವುದರಲ್ಲಿ ಅರ್ಥವಿಲ್ಲ.

ನೀವು ಬರೆದ ಪೇರ್, ಹೂವು ಎರಡೂ ಒಳ್ಳೆಯ ಲಕ್ಷಣ. ದ್ರಾಕ್ಷಿಯಿಂದಲೇ ಬಂದ ಘಮ ಅದು.

ಪೀಪಾಯಿ
ಸಕ್ಕರೆ ವಿಷಯಕ್ಕೆ ಬರೋಣ. ಜೊತೆಗಿದ್ದವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಸಕ್ಕರೆ ಪಾಕ, ಬಣ್ಣಕ್ಕೆ ಕ್ಯಾರಮೆಲ್, ಮತ್ತೆ 'ಬುವಾಜೆ' ಅಂತ ಓಕ್ ಚಕ್ಕೆಗಳಿಂದ ತೆಗೆದ ಸಾರ, ಈ ಮೂರಕ್ಕೂ ಕೊನ್ಯಾಕಿನ ನಿಯಮದಲ್ಲೇ ಅನುಮತಿ ಇದೆ. ಮಿತಿಯೂ ಇದೆ. ಆದರೆ ಯಾರು ಎಷ್ಟು ಹಾಕಿದ್ದಾರೆ ಅಂತ ಲೇಬಲ್ ನೋಡಿದರೆ ಗೊತ್ತಾಗುವುದಿಲ್ಲ. ನನಗೆ ಇದರ ಮೇಲೆ ನಿಜವಾಗಲೂ ಸಿಟ್ಟಿದೆ. ಎಳೆಯ ಸ್ಪಿರಿಟಿನ ಒರಟನ್ನು ಸಿಹಿಯಿಂದ ಮುಚ್ಚಿ, ಬಣ್ಣ ಗಾಢ ಮಾಡಿ, ವಯಸ್ಸಾದದ್ದರ ವೇಷ ಹಾಕಿಸುವುದು ಕುಡಿಯುವವರಿಗೆ ಮಾಡುವ ಮೋಸ.

ಸುಮ್ನೆಓದುಗ
ಹಾಗಾದರೆ ಬಣ್ಣ ನೋಡಿ ವಯಸ್ಸು ಹೇಳಲು ಆಗುವುದಿಲ್ಲವಾ?

ಪೀಪಾಯಿ
ಖಂಡಿತ ಆಗುವುದಿಲ್ಲ. ಹೊಸ ಓಕ್ ಪೀಪಾಯಿ ಬೇಗ ಬಣ್ಣ ಬಿಡುತ್ತದೆ, ಹಳೆಯದು ನಿಧಾನ. ಮೇಲಿಂದ ಕ್ಯಾರಮೆಲ್ ಬೇರೆ. ತೆಳು ಹೊಂಬಣ್ಣದ ವಿ.ಎಸ್. ಕಂಡರೆ ನನಗೆ ಗಾಢ ಕಂದು ವಿ.ಎಸ್.ಗಿಂತ ಜಾಸ್ತಿ ನಂಬಿಕೆ.

ತಾಮ್ರದಹಂಡೆ
ಪೀಪಾಯಿಯವರೇ, ಸಿಟ್ಟು ಒಪ್ಪುತ್ತೇನೆ, 'ಮೋಸ' ಅನ್ನುವ ಮಾತು ಒಪ್ಪುವುದಿಲ್ಲ. ವರ್ಷವರ್ಷ ಬೆಳೆ ಬದಲಾಗುತ್ತದೆ. ಬ್ಲೆಂಡ್ ಮಾಡುವವರು ಪ್ರತಿ ಬಾಟಲಿಯೂ ಒಂದೇ ಥರ ಕಾಣಬೇಕು ಅಂತ ಚೂರು ಕ್ಯಾರಮೆಲ್ ಹಾಕಿದರೆ ರುಚಿಗೆ ಏನೂ ಆಗುವುದಿಲ್ಲ. ರುಚಿ ಮುಚ್ಚುವಷ್ಟು ಸಕ್ಕರೆ, ಬುವಾಜೆ ಸುರಿದರೆ ಅದು ಬೇರೆ ಮಾತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಇನ್ನು, ಸಲೀಸಾಗಿ ಇಳಿಯಲು ಸಕ್ಕರೆಯೇ ಬೇಕು ಅಂತೇನಿಲ್ಲ. ಭಟ್ಟಿ ಇಳಿಸುವ ರೀತಿಯಲ್ಲೇ ಮೆದುತನ ಬರುತ್ತದೆ. ಕೊನ್ಯಾಕನ್ನು ತಾಮ್ರದ ಹಂಡೆಯಲ್ಲಿ ಎರಡು ಸಲ ಇಳಿಸುತ್ತಾರೆ. ಮೊದಲ ಸಲ ಬರುವುದು 30% ಆಸುಪಾಸು ಆಲ್ಕೋಹಾಲ್ ಇರುವ ಮಬ್ಬು ದ್ರವ. ಅದನ್ನು ಮತ್ತೆ ಹಂಡೆಗೆ ಹಾಕಿ ಇಳಿಸಿದಾಗ ಮೊದಲು ಬರುವ ಘಾಟಿನ ಭಾಗ ಬೇರೆ ತೆಗೆಯುತ್ತಾರೆ. ಕೊನೆಯ ಭಾರದ ಭಾಗವನ್ನೂ ಬೇರೆ ತೆಗೆಯುತ್ತಾರೆ. ನಡುವಿನದು ಮಾತ್ರ, 70%ರ ಆಸುಪಾಸಿನದು, ಪೀಪಾಯಿಗೆ ಹೋಗುತ್ತದೆ. ಎಲ್ಲಿ ಕತ್ತರಿಸಬೇಕು ಅನ್ನುವುದು ಇಳಿಸುವವರ ಮೂಗು, ನಾಲಿಗೆಗೆ ಬಿಟ್ಟದ್ದು. ಅಲ್ಲಿ ಆಸೆ ಬಿದ್ದು ಜಾಸ್ತಿ ಉಳಿಸಿಕೊಂಡರೆ ಆಮೇಲೆ ಎಷ್ಟು ಸಿಹಿ ಹಾಕಿದರೂ ಗಂಟಲಿಗೆ ಗೊತ್ತಾಗುತ್ತದೆ.

ಒಗರು
ಸಕ್ಕರೆ ಪತ್ತೆ ಹಚ್ಚಲು ಒಂದು ಸುಲಭ ದಾರಿ. ಕುಡಿದು ಮುಗಿದ ಗ್ಲಾಸನ್ನು ತೊಳೆಯದೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳಕ್ಕೆ ಬೆರಳು ಹಚ್ಚಿ. ಅಂಟಂಟಾಗಿ ಇದ್ದರೆ ಅನುಮಾನ ಪಡಿ. ಹಾಗೇ ಖಾಲಿ ಗ್ಲಾಸ್ ಮೂಸಿ. ಒಳ್ಳೆಯ ಕೊನ್ಯಾಕ್ ಇದ್ದ ಗ್ಲಾಸು ಬೆಳಿಗ್ಗೆಯೂ ಹಣ್ಣು, ಮರ, ಮಸಾಲೆ ಅಂತ ಏನಾದರೂ ಹೇಳುತ್ತದೆ. ಸಾಧಾರಣದ್ದು ಒದ್ದೆ ರಟ್ಟಿನ ವಾಸನೆ.

ಮೂಗಿನತುದಿ
ಅಂಟು ಪರೀಕ್ಷೆ ಅಷ್ಟು ನಂಬಬೇಡಿ. ಪೀಪಾಯಿಯಿಂದ ಇಳಿದ ಸಾರವೂ ತಳದಲ್ಲಿ ಒಣಗುತ್ತದೆ. ನಾಲಿಗೆಯೇ ಉತ್ತಮ. ಹಾಕಿದ ಸಿಹಿ ತುಟಿಗೆ ತಾಗಿದ ಕೂಡಲೇ ಬರುತ್ತದೆ, ಕೊನೆಗೆ ತುಟಿ ಮೇಲೆ ಸಪ್ಪೆಯಾಗಿ ಉಳಿಯುತ್ತದೆ. ಮರದಿಂದ ಬಂದ ಸಿಹಿ ಹಾಗಲ್ಲ. ಅದು ನಡುವೆ ಮೂಡಿ, ಸ್ವಲ್ಪ ಒಗರಿನ ಜೊತೆ ಕೊನೆಯಾಗುತ್ತದೆ. ಆ ಒಗರು ಪೂರ್ತಿ ಇಲ್ಲದಿದ್ದರೆ ಏನೋ ಮುಚ್ಚಿಟ್ಟಿದ್ದಾರೆ ಅಂತ ನನ್ನ ಅನುಭವ.

ಒಗರು
ಇದು ಒಪ್ಪುವ ಮಾತು. ಖಾಲಿ ಗ್ಲಾಸು ಮೂಸುವುದನ್ನು ಮಾತ್ರ ಬಿಡಬೇಡಿ.

ಸಂಜೆಗುಟುಕು
ಅಬ್ಬಾ, ಇಷ್ಟೊಂದು ಉತ್ತರ! ಧನ್ಯವಾದಗಳು. ನನ್ನ ಬಾಟಲಿಯಲ್ಲಿ ಸಿಹಿ ಮೊದಲೇ ಬರುತ್ತದೆ, ಆದರೆ ಕೊನೆಗೆ ಸ್ವಲ್ಪ ಒಗರೂ ಇದೆ. ಲೇಬಲ್ ಮೇಲೆ ಪ್ರದೇಶದ ಹೆಸರೇನೂ ಇಲ್ಲ, ಬರೀ 'ಕೊನ್ಯಾಕ್' ಅಂತಿದೆ. ಅಂಗಡಿಯವರು ಮಾತ್ರ ಗ್ರಾಂಡ್ ಶಾಂಪೇನ್ ಅಂತ ಬರೆದಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ ಅಂದಿದ್ದರು.

ಬಳ್ಳಿತೋಟ
ಕಣ್ಣು ಮುಚ್ಚಬೇಡಿ, ತೆರೆದೇ ತಗೊಳ್ಳಿ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಕಡಿಮೆ ಬೆಲೆಯ ಬಾಟಲಿ ಆರಿಸುವವರು ಜಾಸ್ತಿ ಎಡವುವುದು ಇಲ್ಲೇ.

ಕೊನ್ಯಾಕ್ ತಯಾರಾಗುವುದು ಫ್ರಾನ್ಸಿನ ನೈಋತ್ಯದಲ್ಲಿ, ಕೊನ್ಯಾಕ್ ಪಟ್ಟಣದ ಸುತ್ತ, ಶರಾಂತ್ ನದಿಯ ಆಸುಪಾಸಿನ ಸೀಮೆಯಲ್ಲಿ. ಈ ಸೀಮೆಯ ಗಡಿ ಗುರುತಿಸಿದ್ದು 1909ರಲ್ಲಿ. ಅದರೊಳಗೆ ಆರು ಭಾಗ: ಗ್ರಾಂಡ್ ಶಾಂಪೇನ್, ಪೆಟಿಟ್ ಶಾಂಪೇನ್, ಬೋರ್ಡೆರಿ, ಫ್ಯಾಂ ಬುವಾ, ಬಾಂ ಬುವಾ, ಕೊನೆಗೆ ಸಮುದ್ರದ ಕಡೆಯ ಬುವಾ ಆರ್ಡಿನೇರ್. ಈ ಶಾಂಪೇನಿಗೂ ನೊರೆ ಉಕ್ಕುವ ವೈನಿಗೂ ಸಂಬಂಧವಿಲ್ಲ.

ಗ್ರಾಂಡ್ ಶಾಂಪೇನಿನ ನೆಲ ಸುಣ್ಣದ ನೆಲ. ಅಲ್ಲಿಯ ಸ್ಪಿರಿಟ್ ಬಹಳ ಸೊಗಸು, ರುಚಿ ಬಹಳ ಹೊತ್ತು ನಿಲ್ಲುತ್ತದೆ, ಆದರೆ ಮಾಗಲು ತುಂಬಾ ವರ್ಷ ಬೇಕು. ಎಳೆಯದರಲ್ಲಿ ಅದು ಬಿಗಿಯಾಗಿ, ಚುಚ್ಚುವ ಹಾಗೆ ಇರುತ್ತದೆ. ಫ್ಯಾಂ ಬುವಾ ಹಾಗಲ್ಲ. ಅದು ಬೇಗ ಮಾಗುತ್ತದೆ. ತಾಜಾ ದ್ರಾಕ್ಷಿ ಹಿಂಡಿದ ವಾಸನೆ, ದುಂಡಗಿನ ರುಚಿ. ಆರರಲ್ಲಿ ಅತಿ ಚಿಕ್ಕದಾದ ಬೋರ್ಡೆರಿಯೂ ಶಾಂಪೇನ್‌ಗಳಿಗಿಂತ ಬೇಗ ಹದಕ್ಕೆ ಬರುತ್ತದೆ, ನೇರಳೆ ಹೂವಿನ ಘಮ ಅದರ ಗುರುತು.

ಈಗ ಯೋಚಿಸಿ. ಎರಡು ಮೂರು ವರ್ಷದ, ಕಡಿಮೆ ಬೆಲೆಯ, ಸಲೀಸಾದ ಕೊನ್ಯಾಕ್ ಬೇಕು ಅಂದರೆ ಯಾವ ನೆಲದ್ದು ಚೆನ್ನಾಗಿರುತ್ತದೆ? ಬೇಗ ಮಾಗುವುದೇ ಅಲ್ವಾ? ಬೆಲೆ ಕಡಿಮೆ ಇದೆ, ಮೇಲೆ ಗ್ರಾಂಡ್ ಶಾಂಪೇನ್ ಅಂತ ಬರೆದಿದೆ ಅಂದರೆ ಒಳಗೆ ಮಾಗದ ಒಳ್ಳೆಯ ಸ್ಪಿರಿಟ್ ಇರಬಹುದು. ಒಳ್ಳೆಯದೇ, ಆದರೆ ಇವತ್ತು ಕುಡಿಯಲು ಹದವಾದದ್ದಲ್ಲ. ಮಾವಿನಕಾಯಿ ಎಷ್ಟು ದೊಡ್ಡ ತಳಿಯದಾದರೂ ಕಾಯಿ ಕಾಯಿಯೇ.

ನೇರನುಡಿ
ಮಾಗಲಿ ಅಂತ ಬಾಟಲಿಯನ್ನು ಮನೆಯಲ್ಲಿ ಹತ್ತು ವರ್ಷ ಇಟ್ಟರಾಯಿತು.

ಬಳ್ಳಿತೋಟ
ಇಲ್ಲ ಸರ್. ಗಾಜಿಗೆ ಇಳಿದ ಮೇಲೆ ಕೊನ್ಯಾಕ್ ಮಾಗುವುದಿಲ್ಲ. ವೈನಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಾಗುವುದಕ್ಕೆ ಮರ ಬೇಕು, ಮರದ ಸಂದಿಯಿಂದ ಆಡುವ ಗಾಳಿ ಬೇಕು. ಅಲ್ಲಿಯ ನೆಲಮಾಳಿಗೆಗಳಲ್ಲಿ ಬಹಳ ಹಳೆಯ ಸ್ಪಿರಿಟ್ ಇನ್ನು ಮರದ ರುಚಿ ಎಳೆಯುವುದು ಬೇಡ ಅನ್ನಿಸಿದಾಗ ದೊಡ್ಡ ಗಾಜಿನ ಬುರುಡೆಗಳಿಗೆ ಸುರಿದು ಇಡುತ್ತಾರೆ. ಅಲ್ಲಿಗೆ ಅದರ ವಯಸ್ಸು ನಿಂತಿತು.

ರಾತ್ರಿಪಾಳಿ
ಹಾಗೆ ಗಾಳಿಯಾಡುವಾಗ ಆವಿಯಾಗಿ ಹೋಗುವುದನ್ನು ದೇವತೆಗಳ ಪಾಲು ಅನ್ನುತ್ತಾರಲ್ಲ? ವರ್ಷಕ್ಕೆ 2% ಆಸುಪಾಸು. ಆ ಆವಿ ತಿಂದು ಬೆಳೆಯುವ ಒಂದು ಕಪ್ಪು ಬೂಷ್ಟು ಇದೆ, ಹೆಸರು ಬೌಡೋಯಿನಿಯಾ. ಕೊನ್ಯಾಕ್ ಪಟ್ಟಣದಲ್ಲಿ ದಾಸ್ತಾನು ಕಟ್ಟಡಗಳ ಗೋಡೆ, ಹೆಂಚು ಎಲ್ಲ ಮಸಿ ಬಳಿದ ಹಾಗೆ ಕಪ್ಪು. ಬೀದಿಯಲ್ಲಿ ನಿಂತೇ ಎಲ್ಲಿ ಪೀಪಾಯಿ ಇಟ್ಟಿದ್ದಾರೆ ಅಂತ ಹೇಳಬಹುದಂತೆ. ವಿಷಯಕ್ಕೆ ಸಂಬಂಧವಿಲ್ಲ, ನೆನಪಾಯಿತು ಹೇಳಿದೆ.

ತಾಮ್ರದಹಂಡೆ
ಸಂಬಂಧ ಇದೆ ರಾತ್ರಿಪಾಳಿ. ಬೆಲೆ ಏರುವುದಕ್ಕೆ ಅದೂ ಒಂದು ಕಾರಣ. ಒಂದು ಲೀಟರ್ ಸ್ಪಿರಿಟಿಗೆ ಸುಮಾರು 9 ಲೀಟರ್ ವೈನ್ ಬೇಕು. ಅದರಲ್ಲಿ ವರ್ಷವರ್ಷ ಇಷ್ಟಿಷ್ಟು ಗಾಳಿಗೆ ಹೋಗುತ್ತದೆ. ಎಳೆಯದು ಅಗ್ಗವಾಗಿರುವುದು ಕಳಪೆ ಅಂತಲ್ಲ, ಕಡಿಮೆ ಕಾದದ್ದರಿಂದ.

ಬಳ್ಳಿತೋಟದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಲೇಬಲ್ ಮೇಲೆ 'ಫಿನ್ ಶಾಂಪೇನ್' ಅಂತಿದ್ದರೆ ಅದು ಎರಡು ಶಾಂಪೇನ್‌ಗಳ ಬ್ಲೆಂಡ್, ಅದರಲ್ಲಿ ಕನಿಷ್ಠ ಅರ್ಧ ಗ್ರಾಂಡ್ ಶಾಂಪೇನಿನದು. ರೆಮಿ ಮಾರ್ಟಿನ್ ಕಂಪನಿಯ ವಿ.ಎಸ್.ಒ.ಪಿ. ಈ ಬಗೆಯದು. ಮಾರ್ಟೆಲ್ ಕಂಪನಿಯವರಿಗೆ ಬೋರ್ಡೆರಿ ಮೇಲೆ ಒಲವು. ಇನ್ನೊಂದು ವ್ಯತ್ಯಾಸವೂ ಇದೆ. ಮಾರ್ಟೆಲ್‌ನವರು ವೈನಿನ ಗಸಿ ತೆಗೆದು ತಿಳಿಯನ್ನು ಮಾತ್ರ ಭಟ್ಟಿಗೆ ಹಾಕುತ್ತಾರೆ, ರೆಮಿಯವರು ಗಸಿ ಸಮೇತ. ಗಸಿ ಇದ್ದರೆ ಮೈ ತುಂಬಿದ ರುಚಿ, ಇಲ್ಲದಿದ್ದರೆ ತೆಳುವಾದ, ಹಗುರ ರುಚಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೆದು ಅನ್ನುವುದರಲ್ಲೇ ಎರಡು ಥರ ಇದೆ ಅಂತ ತಿಳಿಯುತ್ತದೆ.

ಮೂಗಿನತುದಿ
ನೋಡುವ ಕ್ರಮದ ಬಗ್ಗೆ ಯಾರೂ ಹೇಳಲಿಲ್ಲ. ಸಂಜೆಗುಟುಕು ಅವರೇ, ಯಾವ ಗ್ಲಾಸು?

ಸಂಜೆಗುಟುಕು
ದೊಡ್ಡ ಹೊಟ್ಟೆಯ ಬಲೂನ್ ಗ್ಲಾಸು. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಕುಡಿಯಬೇಕು ಅಂತ ಕೇಳಿದ್ದೆ.

ಮೂಗಿನತುದಿ
ಎಳೆಯ ಕೊನ್ಯಾಕಿಗೆ ಅದು ಬೇಡವೇ ಬೇಡ. ಬೆಚ್ಚಗಾದಷ್ಟೂ ಆಲ್ಕೋಹಾಲ್ ಮೊದಲು ಏಳುತ್ತದೆ. ಬಲೂನಿನಲ್ಲಿ ಅದೆಲ್ಲ ಮೇಲೆ ಒಟ್ಟಾಗಿ ಮೂಗಿಗೆ ಹೊಡೆಯುತ್ತದೆ. ಹಣ್ಣಿನ ಘಮ ಅದರಡಿ ಸಿಕ್ಕಿಬೀಳುತ್ತದೆ. ನಡು ಸ್ವಲ್ಪ ಉಬ್ಬಿ ಬಾಯಿ ಕಿರಿದಾದ ಟ್ಯೂಲಿಪ್ ಗ್ಲಾಸು ತಗೊಳ್ಳಿ, ಕಾಂಡ ಹಿಡಿಯಿರಿ. ರುಚಿ ನೋಡುವವರು ಬಳಸುವುದು ಅದನ್ನೇ.

ಸ್ವಲ್ಪವೇ ಸುರಿಯಿರಿ. ಐದು ನಿಮಿಷ ಮುಟ್ಟಬೇಡಿ. ಮೊದಲು ಅಲುಗಿಸದೆ ಗಲ್ಲದ ಹತ್ತಿರ ಹಿಡಿದು ಮೂಸಿ. ಅಲ್ಲಿಗೇ ಹಣ್ಣು, ಹೂವು ಬಂದರೆ ಒಳ್ಳೆಯದು. ಅಲ್ಲಿಗೇ ಉಗುರುಬಣ್ಣದ ಘಾಟು ಬಂದರೆ ಅನುಮಾನ. ಆಮೇಲೆ ನಿಧಾನವಾಗಿ ತಿರುಗಿಸಿ, ಗ್ಲಾಸಿನ ಅಂಚಿಗೆ ಮೂಗು ತನ್ನಿ, ಬಾಯಿ ಸ್ವಲ್ಪ ತೆರೆದಿರಲಿ. ಈಗ ಮರ, ವೆನಿಲ್ಲಾ, ದಾಲ್ಚಿನ್ನಿ ಬರಬೇಕು. ಬರೀ ವೆನಿಲ್ಲಾ ಬಂದು ಹಣ್ಣು ಕಾಣೆಯಾದರೆ ಮರದ ರುಚಿಯನ್ನೇ ಜಾಸ್ತಿ ನೆಚ್ಚಿಕೊಂಡಿದ್ದಾರೆ ಅಂತ.

ಮೊದಲ ಗುಟುಕಿನ ಮೇಲೆ ತೀರ್ಪು ಬೇಡ. ಅದು ಬಾಯಿ ಹೊಂದಿಸಿಕೊಳ್ಳುವುದಕ್ಕೆ. ಎರಡನೆಯದನ್ನು ನಾಲಿಗೆ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿ, ಮೂಗಿನಿಂದ ಉಸಿರು ಬಿಡಿ. ರುಚಿ ಎಷ್ಟು ಹೊತ್ತು ನಿಲ್ಲುತ್ತದೆ, ಹೋಗುವಾಗ ಏನಾಗಿ ಹೋಗುತ್ತದೆ ಅಂತ ಗಮನಿಸಿ. ವಿ.ಎಸ್.ನಲ್ಲಿ ರುಚಿ ಬೇಗ ಹೋಗುವುದು ಸಹಜ. ಆದರೆ ಶುಚಿಯಾಗಿ ಹೋಗಬೇಕು. ಕಹಿ, ಸುಟ್ಟ ವಾಸನೆ, ಬಾಯಿ ಒಣಗುವುದು ಇದೆಲ್ಲ ಉಳಿದರೆ ಅಂಕ ಕಳೆಯಿರಿ.

ಸುಮ್ನೆಓದುಗ
ನೀರು ಹಾಕಬಹುದಾ?

ಮೂಗಿನತುದಿ
ಕೆಲವು ಹನಿ. ಒಳ್ಳೆಯ ಎಳೆಯ ಕೊನ್ಯಾಕ್ ನೀರು ತಾಗಿದರೆ ಅರಳುತ್ತದೆ. ಬರೀ ಸಿಹಿಯ ಮೇಲೆ ನಿಂತದ್ದು ಕುಸಿಯುತ್ತದೆ. ನನಗೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಇದೇ.

ನೇರನುಡಿ
40%ಕ್ಕೆ ಅವರೇ ನೀರು ಬೆರೆಸಿ ಇಳಿಸಿ ಕೊಟ್ಟಿದ್ದಾರೆ. ಮತ್ತೆ ನಾವೂ ನೀರು ಹಾಕಬೇಕಾ? ಐಸ್ ಹಾಕುವವರನ್ನು ಕಂಡರೆ ಮೊದಲೇ ನನಗೆ ಆಗುವುದಿಲ್ಲ.

ಶೇಕರ್
ನೇರನುಡಿ ಅಣ್ಣ, ಇಲ್ಲಿ ನಿಮ್ಮ ಜೊತೆ ಜಗಳ ಮಾಡಲೇಬೇಕು. ಕೊನ್ಯಾಕಿಗೆ ನೀರು, ಸೋಡಾ, ಐಸ್ ಹಾಕುವುದು ಇವತ್ತಿನ ಹೊಸ ಚಾಳಿಯಲ್ಲ. 19ನೇ ಶತಮಾನದ ಕೊನೆಗೆ ಫಿಲಾಕ್ಸೆರಾ ಹುಳು ಬಳ್ಳಿಗಳನ್ನು ತಿಂದು ಹಾಕುವವರೆಗೆ ಇಂಗ್ಲಿಷರು ಬ್ರಾಂದಿ ಸೋಡಾ ಕುಡಿಯುತ್ತಿದ್ದರು. ಸ್ಕಾಚ್ ಆ ಜಾಗ ಹಿಡಿದದ್ದು ಕೊನ್ಯಾಕ್ ಸಿಗದೆ ಹೋದಮೇಲೆ. 2008ರಲ್ಲಿ ಕೊನ್ಯಾಕ್ ಪಟ್ಟಣದಲ್ಲೇ ಸೇರಿದ ಬಾರ್ಟೆಂಡರ್‌ಗಳು 'ಸಮಿಟ್' ಅಂತ ಒಂದು ಕಾಕ್‌ಟೇಲ್ ಕಟ್ಟಿದರು: ವಿ.ಎಸ್.ಒ.ಪಿ., ಹಸಿ ಶುಂಠಿ, ನಿಂಬೆ ಸಿಪ್ಪೆ, ಲೆಮನೇಡ್, ಸೌತೆಕಾಯಿ ಸಿಪ್ಪೆ. ಆ ಊರಿನವರಿಗೇ ತೊಂದರೆ ಇಲ್ಲ, ನಮಗೇನು?

ಸೈಡ್‌ಕಾರ್ ಮಾಡಿ ನೋಡಿ. ಕೊನ್ಯಾಕ್, ಕಿತ್ತಳೆ ಲಿಕ್ಯೂರ್, ನಿಂಬೆರಸ. ಅದಕ್ಕೆ ಎಕ್ಸ್.ಒ. ಹಾಕಿದರೆ ಹಣ ವ್ಯರ್ಥ, ವಿ.ಎಸ್. ಹಾಕಿದರೆ ಹಣ್ಣಿನ ರುಚಿ ಎದ್ದು ಬರುತ್ತದೆ. ಬೆರೆಸಲು ಯೋಗ್ಯ ಅನ್ನುವುದನ್ನು ಬೈಗುಳದ ಹಾಗೆ ಬಳಸುವುದು ನಿಲ್ಲಿಸಿ. ಬೆರೆಸಿದ ಮೇಲೂ ತನ್ನ ದನಿ ಕಳೆದುಕೊಳ್ಳದ ಸ್ಪಿರಿಟ್ ಮಾಡುವುದು ಸುಲಭವಲ್ಲ.

ನೇರನುಡಿ
ಇತಿಹಾಸ ಒಪ್ಪಿದೆ. ಐಸ್ ಒಪ್ಪುವುದಿಲ್ಲ. ತಣ್ಣಗಾದರೆ ಘಮ ಮುಚ್ಚಿಕೊಳ್ಳುತ್ತದೆ, ಆಮೇಲೆ ಏನನ್ನು ಅಳೆಯುತ್ತೀರಿ?

ಶೇಕರ್
ಅಳೆಯುವಾಗ ಐಸ್ ಬೇಡ. ಕುಡಿಯುವಾಗ ನಿಮ್ಮಿಷ್ಟ. ಎರಡು ಬೇರೆ ಕೆಲಸ.

ಒಗರು
ಸ್ವಲ್ಪ ದಾರಿ ತಪ್ಪುತ್ತೇನೆ. ಇದೇ ಹಣಕ್ಕೆ ಅರ್ಮನ್ಯಾಕ್ ಯಾಕೆ ನೋಡಬಾರದು? ಅದೂ ಫ್ರಾನ್ಸಿನ ಬ್ರಾಂದಿಯೇ, ಗ್ಯಾಸ್ಕನಿ ಸೀಮೆಯದು, ಹೆಚ್ಚಾಗಿ ಒಂದೇ ಸಲ ಇಳಿಸುತ್ತಾರೆ. ಹಾಗಾಗಿ ರುಚಿ ದಟ್ಟ.

ತಾಮ್ರದಹಂಡೆ
ಅರ್ಮನ್ಯಾಕ್ ನನಗೂ ಪ್ರೀತಿ. ಆದರೆ ಅವರು ಕೇಳಿದ್ದು ಸಲೀಸಾದದ್ದು. ಎಳೆಯ ಅರ್ಮನ್ಯಾಕ್ ಬಹಳ ಒರಟು. ಕಡಿಮೆ ವಯಸ್ಸಿನಲ್ಲೇ ನಯವಾಗಿರುವುದರಲ್ಲಿ ಕೊನ್ಯಾಕ್ ಮುಂದು. ಎರಡು ಸಲ ಇಳಿಸುವುದರ ಲಾಭವೇ ಅದು.

ಬಳ್ಳಿತೋಟ
ದ್ರಾಕ್ಷಿಯನ್ನೂ ಮರೆಯಬೇಡಿ. ಕೊನ್ಯಾಕಿನ ತೋಟಗಳಲ್ಲಿ ಹೆಚ್ಚುಕಡಿಮೆ ಎಲ್ಲ ಉನ್ಯಿ ಬ್ಲಾಂ ತಳಿಯೇ. ಅದರ ವೈನ್ ಹುಳಿ, ತೆಳು, ಆಲ್ಕೋಹಾಲ್ ಕಡಿಮೆ. ಗ್ಲಾಸಿನಲ್ಲಿ ಕುಡಿದರೆ ಮುಖ ಕಿವುಚಬೇಕು. ಭಟ್ಟಿಗೆ ಮಾತ್ರ ಅದೇ ಸರಿ. ಆ ಹುಳಿಯೇ ವೈನನ್ನು ಕೆಡದಂತೆ ಕಾಯುತ್ತದೆ, ಗಂಧಕ ಹಾಕುವ ಹಾಗಿಲ್ಲವಲ್ಲ. ಆಲ್ಕೋಹಾಲ್ ಕಡಿಮೆ ಇದ್ದಷ್ಟೂ ಇಳಿಸುವಾಗ ಹಣ್ಣಿನ ಘಮ ಜಾಸ್ತಿ ಒಟ್ಟಾಗುತ್ತದೆ. ಮಾರ್ಚ್ 31ರೊಳಗೆ ಆ ವರ್ಷದ ಭಟ್ಟಿ ಮುಗಿಯಬೇಕು ಅಂತ ನಿಯಮವೂ ಇದೆ. ವೈನ್ ಹಳಸುವ ಮೊದಲು ಇಳಿಸಲಿ ಅಂತ. ನಿಮ್ಮ ಬಾಟಲಿಯ ಪೇರ್ ವಾಸನೆ ಬಂದದ್ದು ಇಷ್ಟೆಲ್ಲ ಜಾಗ್ರತೆಯಿಂದ.

ಸಂಜೆಗುಟುಕು
ಟ್ಯೂಲಿಪ್ ಗ್ಲಾಸಿನಲ್ಲಿ, ನೀರಿನ ಹನಿ ಹಾಕಿ ನೋಡಿದೆ. ಪೇರ್ ಇನ್ನೂ ಚೆನ್ನಾಗಿ ಬಂತು, ಜೊತೆಗೆ ಏಪ್ರಿಕಾಟ್. ನಡುವೆ ಮಾತ್ರ ತೆಳು. ಸಿಹಿ ಇದೆ, ಮೈ ಇಲ್ಲ. ಕೊನೆಗೆ ಕಹಿ ಏನೂ ಉಳಿಯಲಿಲ್ಲ. ಬೆಳಿಗ್ಗೆ ಖಾಲಿ ಗ್ಲಾಸಿನಲ್ಲಿ ವೆನಿಲ್ಲಾ ಜೊತೆ ಒಣದ್ರಾಕ್ಷಿ ವಾಸನೆ ಇತ್ತು. ಜೊತೆಗಾರರಿಗೂ ಹೆಸರು ಹೇಳದೆ ಕೊಟ್ಟೆ. ಕೋಲಾ ಅಂದವರೇ ಎರಡನೇ ಸಲ ಗ್ಲಾಸು ಚಾಚಿದರು.

ಪೀಪಾಯಿ
ನಡುವೆ ತೆಳು, ಸಿಹಿ ಮುಂದೆ. ಸ್ವಲ್ಪ ಸಕ್ಕರೆ ಇದೆ ಅಂತಲೇ ನನ್ನ ಊಹೆ. ಆದರೂ ನೀರಿಗೆ ಕುಸಿಯಲಿಲ್ಲ ಅಂದರೆ ಕೆಳಗಿರುವ ಸ್ಪಿರಿಟ್ ಪ್ರಾಮಾಣಿಕವಾದದ್ದು. ಆ ಬೆಲೆಗೆ ನಾನು ಒಳ್ಳೆಯದು ಅನ್ನುತ್ತೇನೆ, ಬಹಳ ಒಳ್ಳೆಯದು ಅನ್ನುವುದಿಲ್ಲ.

ಮೂಗಿನತುದಿ
ನಾನು ಇನ್ನೊಂದು ಅಂಕ ಜಾಸ್ತಿ ಕೊಡುತ್ತೇನೆ. ಎಳೆಯದರಲ್ಲಿ ಏಪ್ರಿಕಾಟ್ ಸಿಗುವುದು ಸುಮ್ನೆ ಮಾತಲ್ಲ.

ಸುಮ್ನೆಓದುಗ
ಕೊನೆಗೊಂದು. ಅರ್ಧ ಖಾಲಿಯಾದ ಬಾಟಲಿಯನ್ನು ವೈನಿನ ಹಾಗೆ ಮಲಗಿಸಿ ಇಡಬೇಕಾ?

ರಾತ್ರಿಪಾಳಿ
ಬೇಡ, ನಿಲ್ಲಿಸಿಯೇ ಇಡಿ. 40% ಆಲ್ಕೋಹಾಲ್ ಬಿರಡೆಗೆ ತಾಗುತ್ತಾ ಇದ್ದರೆ ಅದು ಪುಡಿಯಾಗಿ ರುಚಿ ಕೆಡಿಸುತ್ತದೆ. ಬಿಸಿಲು ಬೀಳದ ಕಡೆ ಇಡಿ.

ಒಗರು
ಕಾಲುಭಾಗಕ್ಕೆ ಇಳಿದಿದ್ದರೆ ಸಣ್ಣ ಬಾಟಲಿಗೆ ತುಂಬಿಸಿ. ಒಳಗೆ ಗಾಳಿ ಜಾಸ್ತಿ ಆದಷ್ಟೂ ಮೊದಲು ಹೋಗುವುದು ಆ ಹೂವಿನ ಘಮವೇ.

ಶೇಕರ್
ಇಲ್ಲದಿದ್ದರೆ ನಿಂಬೆ ತನ್ನಿ, ಸೈಡ್‌ಕಾರ್ ಮಾಡೋಣ.